ರೇವಪ್ಪನ ಬರಿದಲೆ

ತಿಕೋಟಾದ ದನದ ಸಂತೆಯಲ್ಲಿ ರೇವಪ್ಪನನ್ನು ಹುಡುಕುವವರು ಮುಖ ನೋಡುತ್ತಾ ತಿರುಗಬೇಕಾಗಿರಲಿಲ್ಲ. ಜನರ ತಲೆಗಳ ಮೇಲೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಗುಲಾಬಿ ಬಣ್ಣದ ರುಮಾಲೊಂದು ಉಳಿದೆಲ್ಲ ರುಮಾಲುಗಳಿಗಿಂತ ಒಂದು ಗೇಣು ಮೇಲೆ ಕಾಣುತ್ತಿತ್ತು. ಅದರ ಕೆಳಗೆ ರೇವಪ್ಪ ಇರುತ್ತಿದ್ದ. ಆಳು ಕುಳ್ಳ, ಎತ್ತರವೆಲ್ಲ ರುಮಾಲಿನದು. ಅಪ್ಪ ಕುರಿ ಕಾಯ್ದವನು, ಅಣ್ಣ ಇನ್ನೂ ಕಾಖಂಡಕಿಯಲ್ಲಿ ಕುರಿಯ ಹಿಂದೆಯೇ ಇದ್ದವನು. ರೇವಪ್ಪ ಮಾತ್ರ ಹೆಂಡತಿಯ ಊರಿಗೆ ಬಂದು ಎತ್ತಿನ ದಲಾಲಿಗೆ ಬಿದ್ದಿದ್ದ. ಕುರಿಯ ಹಿಂದೆ ನಡೆಯುವವನಿಗೆ ಕಾಲು ಬೇಕು, ಎತ್ತಿನ ಮುಂದೆ ನಿಲ್ಲುವವನಿಗೆ ರುಮಾಲು ಬೇಕು ಎಂಬ ತತ್ವವನ್ನು ಅವನು ಬೇಗನೆ ಕಂಡುಕೊಂಡಿದ್ದ.

ಆಗ ಸೇರು ಹೋಗಿ ಕಿಲೋ ಬಂದಿತ್ತು, ಆಣೆ ಹೋಗಿ ನಯಾಪೈಸೆ ಬಂದಿತ್ತು. ದನದ ಸಂತೆಯಲ್ಲಿ ಮಾತ್ರ ಬೆರಳು ಬೆರಳಾಗಿಯೇ ಉಳಿದಿತ್ತು. ಕೊಳ್ಳುವವನ ಕೈ, ಮಾರುವವನ ಕೈ ಎರಡನ್ನೂ ಸರದಿಯಂತೆ ಒಂದು ವಸ್ತ್ರದ ಕೆಳಗೆ ಹಿಡಿದು, ಬೆರಳು ಒತ್ತಿ ಬೆಲೆ ಹೇಳುವುದು ಪದ್ಧತಿ. ಮೇಲೆ ಹವಾಮಾನದ ಮಾತು, ಕೆಳಗೆ ವ್ಯಾಪಾರ. ಸುತ್ತ ನಿಂತ ಐವತ್ತು ಜನಕ್ಕೆ ಏನೂ ತಿಳಿಯುವುದಿಲ್ಲ, ತಿಳಿದವರಂತೆ ತಲೆ ಆಡಿಸುತ್ತಾರೆ ಅಷ್ಟೆ. ಇತರ ದಲಾಲರು ಹೆಗಲ ಮೇಲಿನ ವಸ್ತ್ರ ಹಾಸಿದರೆ ರೇವಪ್ಪ ರುಮಾಲಿನ ಸೆರಗನ್ನೇ ಇಳಿಸಿ ಹಾಸುತ್ತಿದ್ದ. ಬೇವಿನ ಗಿಡದ ಬುಡದಲ್ಲಿ ಒಂದು ಚಪ್ಪಟೆ ಕಲ್ಲು ಇತ್ತು. ಸಂತೆಗೆ ಬಂದ ಮೊದಲ ಎತ್ತಿನ ಜೋಡಿ ಆ ಕಲ್ಲಿನ ಮುಂದೆಯೇ ನಿಲ್ಲಬೇಕು. ಹನ್ನೆರಡು ವರ್ಷದಿಂದ ಅದರ ಮೇಲೆ ಕುಳಿತವನು ರೇವಪ್ಪ. ಹನ್ನೆರಡು ವರ್ಷದಿಂದ ಅದರ ಪಕ್ಕದಲ್ಲಿ ನಿಂತವನು ಕರೆಪ್ಪ, ಅವನೂ ದಲಾಲನೇ.

ರೇವಪ್ಪ ಸುಳ್ಳು ಹೇಳಿದವನಲ್ಲ. ಕೇಳದ್ದನ್ನು ಹೇಳುತ್ತಿರಲಿಲ್ಲ, ಅಷ್ಟೆ. ಎತ್ತು ಕುಂಟುತ್ತಿದ್ದರೆ "ಕೋಡ ನೋಡ್ರಿ, ಎಂಥಾ ಕೋಡ!" ಎನ್ನುತ್ತಿದ್ದ. ಕೋಡು ಮುರಿದಿದ್ದರೆ ಕಾಲು ಹೊಗಳುತ್ತಿದ್ದ.

ಇಂಥ ಗೃಹಸ್ಥನ ತಲೆಯಿಂದ ಆ ವರ್ಷ ದೀಪಾವಳಿಯ ನಂತರ ಹೊಟ್ಟು ಉದುರತೊಡಗಿತು. ಮೊದಮೊದಲು ಕರಿ ಕೋಟಿನ ಹೆಗಲ ಮೇಲೆ ನಾಲ್ಕು ಬಿಳಿ ಚಕ್ಕೆ ಬಿದ್ದವು. ರೇವಪ್ಪ ಅವನ್ನು ಊದಿ ಹಾರಿಸಿದ. ಚಳಿಗಾಳಿ ಬಲಿತ ಹಾಗೆ ಚಕ್ಕೆಗಳೂ ಬಲಿತವು. ಬೆಲೆ ಕುದುರಿಸಲು ಬಗ್ಗಿ ಸೆರಗು ಇಳಿಸಿದನೆಂದರೆ ಕೊಳ್ಳುವವನ ಕೈಮೇಲೆ ಸಣ್ಣಗೆ ಹಿಮ ಬೀಳುತ್ತಿತ್ತು.

"ರೇವಪ್ಪಣ್ಣ, ಗಿರಣಿ ಯಾವಾಗ ಹಾಕಿದ್ಯೋ?" ಎಂದು ಕರೆಪ್ಪ ಸಂತೆಗೆಲ್ಲ ಕೇಳುವಂತೆ ಕೂಗಿದ. "ಹಿಟ್ಟು ಛಲೋ ಸಣ್ಣಗ ಬರಾಕತ್ತೇತಿ ನೋಡು!"

ರೇವಪ್ಪ ನಕ್ಕ. ನಕ್ಕಾಗ ತುರಿಕೆ ಬಂತು. ತುರಿಸಿಕೊಳ್ಳಲು ರುಮಾಲು ತೆಗೆಯಬೇಕು. ನಾಲ್ಕು ಜನರ ಮುಂದೆ ರುಮಾಲು ತೆಗೆಯುವ ಗಂಡಸು ಆ ಕಡೆ ಹುಟ್ಟಿಲ್ಲ. ಹಲ್ಲು ಕಚ್ಚಿ ಕುಳಿತ.

ಊರೆಂದಮೇಲೆ ಒಂದು ತಲೆಗೆ ನೂರು ವೈದ್ಯರು. ಹೆಂಡತಿ ಮಲಕವ್ವನ ಲೆಕ್ಕದಲ್ಲಿ ಕಾರಣ ಹೊಲಸು. "ದನದ ಧೂಳೆಲ್ಲಾ ತಲ್ಯಾಗ ಹೇರ್ಕೊಂಡ ಬರ್ತೀರಿ, ಹೊಟ್ಟ ಏಳದ ಮಲ್ಲಿಗಿ ಅರಳತಾವೇನ್ರಿ?" ಎಂದು ಬಟ್ಟೆ ಒಗೆಯುವ ಸಾಬೂನಿನ ತುಂಡು ಕೈಗಿಟ್ಟಳು. ರೇವಪ್ಪ ದಿನಾ ತಲೆ ತೊಳೆದ. ತೊಳೆದ ಅರ್ಧ ಗಂಟೆ ಸ್ವರ್ಗ, ಆಮೇಲೆ ಮೊದಲಿಗಿಂತ ಹೆಚ್ಚು ಬಿಗಿ, ಹೆಚ್ಚು ತುರಿಕೆ, ಹೆಚ್ಚು ಹೊಟ್ಟು. ಒಂದು ಸಲ ತೊಳೆದದ್ದು ಸಾಲಲಿಲ್ಲವೆಂದು ತಿಳಿದು ದಿನಕ್ಕೆ ಎರಡು ಸಲ ತೊಳೆದ. ಎಣ್ಣೆ ಹಚ್ಚಿದರೆ ಧೂಳು ಅಂಟುತ್ತದೆಂದು ಮಲಕವ್ವ ಕುಸುಬಿ ಎಣ್ಣೆಯ ಗಿಂಡಿಯನ್ನೂ ಮೇಲೆ ಎತ್ತಿಟ್ಟಳು.

ಕ್ಷೌರದ ಅಂಬಾದಾಸ ಗಡ್ಡಕ್ಕೆ ನೀರು ಹಚ್ಚುತ್ತಾ ಬೇರೆಯೇ ತೀರ್ಪು ಕೊಟ್ಟ. "ಇದು ನೀರಿನ ಕಾರಭಾರ ಐತ್ರಿ ಸಾಹುಕಾರ. ನಮ್ಮ ಬಾವಿ ನೀರ ಸವಳು. ಬ್ಯಾಳಿ ಬೇಯಂಗಿಲ್ಲ, ಸಾಬೂನ ನೊರಿ ಬಿಡಂಗಿಲ್ಲ, ತಲಿ ಹ್ಯಾಂಗ ಸುಮ್ಮ ಇದ್ದೀತ? ವಿಜಾಪುರದವರ್ನ ನೋಡ್ರಿ, ಭೂತನಾಳ ಕೆರಿ ನೀರಾಗ ಜಳಕಾ ಮಾಡತಾರ, ತಲಿ ಹ್ಯಾಂಗ ಮಿಂಚತಾವ!"

"ಅದು ಎಣ್ಣಿ ಮಿಂಚೋದೋ ನೀರ ಮಿಂಚೋದೋ?"

"ನೀರ್ರಿ! ಎಣ್ಣಿ ಆಗಿದ್ರ ಸಂಜಿಗೆ ಇಳಿತಿತ್ತು."

ರೇವಪ್ಪ ವ್ಯಾಪಾರಸ್ಥ. ಮಾಲು ಪರೀಕ್ಷಿಸದೆ ಬಿಡುವವನಲ್ಲ. ವಿಜಾಪುರಕ್ಕೆ ಹೋದಾಗ ಎಣ್ಣೆಯ ಖಾಲಿ ಡಬ್ಬಿಯಲ್ಲಿ ಕೆರೆಯ ನೀರು ತುಂಬಿಸಿ, ಬಸ್ಸಿನ ಮೇಲೆ ಏರಿಸಿ ತಂದ. ಆ ಸಿಹಿನೀರಿನಲ್ಲಿ ಅದೇ ಬಟ್ಟೆ ಸಾಬೂನು ಹಚ್ಚಿ ತೊಳೆದ. ನೀರು ಸಿಹಿಯಾದ್ದರಿಂದ ನೊರೆ ನಾಲ್ಕು ಪಟ್ಟು ಬಂತು, ಎರಡು ದಿನದಲ್ಲಿ ಹೊಟ್ಟೂ ಹಾಗೆಯೇ ಬಂತು. ಇನ್ನೊಬ್ಬರು ಪಿತ್ತ ಎಂದರು, ಚಹಾ ಬಿಟ್ಟ. ದಲಾಲ ಚಹಾ ಬಿಟ್ಟರೆ ಮಾತು ಎಲ್ಲಿಂದ ಶುರುಮಾಡಬೇಕೆಂದೇ ತಿಳಿಯದೆ ಎರಡು ವ್ಯಾಪಾರ ಕೆಟ್ಟವು. ಕರೆಪ್ಪನ ತೀರ್ಪು ಎಲ್ಲಕ್ಕಿಂತ ಅಗ್ಗದ್ದು: "ಮಂದಿ ಎತ್ತಿನ ಕೆಟ್ಟ ಸುಳಿ ಮುಚ್ಚಿಟ್ಟ ಪಾಪ ಅದು. ಮುಚ್ಚಿಟ್ಟದ್ದು ಎಲ್ಲ್ಯರೆ ಎದ್ದು ಬರಬೇಕಲಾ, ನೆತ್ತಿಗೆ ಬಂದೈತಿ."

ಇಷ್ಟೆಲ್ಲವನ್ನೂ ರೇವಪ್ಪ ತಡೆದುಕೊಂಡ. ತಡೆಯಲಾಗದ್ದು ಸಂಕ್ರಾಂತಿಯ ಮುಂದಿನ ಸಂತೆಯಲ್ಲಿ ನಡೆಯಿತು. ಒಳ್ಳೆಯ ಕಿಲಾರಿ ತಳಿಯ ಎತ್ತಿನ ಜೋಡಿ, ದೂರದಿಂದ ಬಂದ ರೈತ, ಸೆರಗಿನ ಕೆಳಗೆ ಕೈ. ಮೂರು ಬೆರಳು ಒತ್ತಿದ ರೇವಪ್ಪನಿಗೆ ಆ ಗಳಿಗೆಯಲ್ಲಿ ನೆತ್ತಿಯ ಮೇಲೆ ಇರುವೆಯ ಗೂಡು ಒಡೆದಂತಾಯಿತು. ಮೈಯೆಲ್ಲ ಜುಮ್ಮೆಂದು ನಾಲ್ಕನೆಯ ಬೆರಳು ತಾನಾಗಿಯೇ ಒತ್ತಿಬಿಟ್ಟಿತು. ರೈತ ಕೈ ಕಿತ್ತುಕೊಂಡ.

"ಏನಪಾ, ಮಾತು ಒಂದು, ಬೆರಳು ಒಂದು?"

ಬೆರಳು ತಪ್ಪಿದ ದಲಾಲ ಎಂದರೆ ಕಲ್ಲು ಬಿಟ್ಟು ಏಳಬೇಕಾದವನು ಎಂದೇ ಅರ್ಥ. ಕರೆಪ್ಪ ಕಲ್ಲನ್ನು ಒಮ್ಮೆ ನೋಡಿದ. ಮರುದಿನವೇ ರೇವಪ್ಪ ವಿಜಾಪುರದ ಬಸ್ಸು ಹತ್ತಿದ.

ಗೋಳಗುಮ್ಮಟದ ಕಡೆ ಸಣ್ಣ ದವಾಖಾನೆ ಇಟ್ಟುಕೊಂಡಿದ್ದ ಸೈಫುದ್ದೀನ ಡಾಕ್ಟರರು ರುಮಾಲು ತೆಗೆಸಿದರು. ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟಾಗ ಡಾಕ್ಟರರಿಗೆ ಬರೆಯಲು ಜಾಗ ಉಳಿಯಲಿಲ್ಲ. ನೆತ್ತಿಯನ್ನು ಬೆಳಕಿಗೆ ತಿರುಗಿಸಿ, ಕೂದಲು ಸರಿಸಿ ಸರಿಸಿ ನೋಡಿದರು. ಎತ್ತಿನ ಬಾಯಿ ತೆರೆದು ಹಲ್ಲು ನೋಡುವವನಿಗೆ ತನ್ನನ್ನು ಹೀಗೆ ನೋಡಿದ್ದು ಮೊದಲ ಸಲ. ಬೆಲೆ ಎಷ್ಟು ಹೇಳುತ್ತಾರೋ ಎಂದು ಕಾದ.

"ಏನ ಹಚ್ಚಿ ತೊಳಿತೀರಿ?"

"ಸಾಬೂನ್ರಿ."

"ಎಂಥಾ ಸಾಬೂನು?"

"ಮನ್ಯಾಗ ಸೀರಿ ಒಗಿತಾರಲ್ರಿ, ಅದ."

"ವಾರಕ್ಕ ಎಷ್ಟ ಸಲ?"

"ವಾರಕ್ಕ? ದಿನಕ್ಕ ಎರಡ ಸಲ್ರಿ. ಕಮ್ಮಿ ಆತೇನ್ರಿ?"

ಡಾಕ್ಟರರು ಕನ್ನಡಕ ತೆಗೆದು ಒರೆಸಿಕೊಂಡರು. "ತೊಳೆದ ಮ್ಯಾಲ?"

"ಹಸಿ ಇದ್ದಾಗ ರುಮಾಲ ಸುತ್ತಿದ್ರ ಬಿಗಿ ಕುಂದರತೈತ್ರಿ. ಮಲಗೂತನಾ ಬಿಚ್ಚಂಗಿಲ್ಲ."

"ನೋಡ್ರಿ ರೇವಪ್ಪ," ಎಂದರು ಡಾಕ್ಟರರು. "ಹೊಟ್ಟಿಗೆ ಕಾರಣ ಒಂದಲ್ಲ. ಒಣ ಗಾಳಿಗೆ ಚರ್ಮ ಬಿರಿತೈತಿ. ಸವಳು ನೀರು ಅದನ್ನ ಹೆಚ್ಚು ಮಾಡತೈತಿ. ಕೆಲವರ ನೆತ್ತಿ ಮ್ಯಾಲ ರೊಟ್ಟಿಗೆ ಬೂಷ್ಟು ಬಂದಂಗ ಒಂದು ನಮೂನಿ ಬೂಷ್ಟು ಬೆಳಿತೈತಿ, ಬೆವರು ಸಿಕ್ಕರ ಅದಕ್ಕ ಹಬ್ಬ. ಇನ್ನ ಕೆಲವು ಚರ್ಮದ ಬ್ಯಾನಿನೂ ಅದಾವ, ಅದರಾಗ ಕೂದಲ ತುಕಡಿ ತುಕಡಿ ಉದರತಾವ, ರಕ್ತ ಬರತೈತಿ. ನಿಮ್ಮದು ಅದಲ್ಲ. ಗಾಳಿ ಶುರು ಮಾಡಿತ್ತು, ನೀವು ಸಾಬೂನ ಹಾಕಿ ಬೆಳೆಸೀರಿ. ತಲ್ಯಾಗಿನ ಎಣ್ಣೀ ಅಂಶ ಎಲ್ಲಾ ಒಗದು ಹಾಕೀರಿ, ಮ್ಯಾಲ ಹಸೀ ರುಮಾಲಿನ ಮುಚ್ಚಳ."

"ಹಂಗಾರ ಪಾಪ ಅಲ್ರೀ?" ರೇವಪ್ಪನ ಧ್ವನಿಯಲ್ಲಿ ಸ್ವಲ್ಪ ನಿರಾಸೆಯೂ ಇತ್ತು.

"ಪಾಪದ ಔಷಧ ನನ್ನ ಕಡೆ ಇಲ್ಲ. ಇದಕ್ಕ ಐತಿ."

ಗಂಧಕದ ವಾಸನೆಯ ಮುಲಾಮು ಕೊಟ್ಟರು. ಬಟ್ಟೆ ಸಾಬೂನು ಮುಟ್ಟಬಾರದು, ವಾರಕ್ಕೆ ಎರಡೇ ಸಲ ಮೆತ್ತಗಿನ ಸಾಬೂನಿನಿಂದ ತಲೆ ತೊಳೆಯಬೇಕು, ಪೂರ್ತಿ ಒಣಗಿಸಬೇಕು. ಇಷ್ಟಕ್ಕೂ ರೇವಪ್ಪ ಹೂಂ ಅಂದ. ಕೊನೆಯದನ್ನು ಡಾಕ್ಟರರು ಹಗುರವಾಗಿ ಹೇಳಿದರು: "ಮೂರು ವಾರ ರುಮಾಲು ಬ್ಯಾಡ. ತಲಿಗೆ ಗಾಳಿ ಆಡಲಿ."

ಪಟ್ಟಣದ ಡಾಕ್ಟರು, ಪಾಪ, ತಾವು ಏನು ಹೇಳಿದೆವೆಂದು ಅವರಿಗೆ ತಿಳಿಯಲಿಲ್ಲ. ನಮ್ಮ ಕಡೆ ರೈತ ಗಂಡಸು ಬರಿದಲೆಯಲ್ಲಿ ಬೀದಿಗೆ ಬರುವುದು ಮನೆಯಲ್ಲಿ ಹೆಣ ಬಿದ್ದಾಗ. ಆಮೇಲೆ ಬೀಗರು ಹೊಸ ರುಮಾಲು ತಂದು ಸುತ್ತಿಸುವ ತನಕ ಅವನು ಬರಿದಲೆ, ಅಲ್ಲಿಯವರೆಗೆ ಅವನೊಡನೆ ಕೊಡುಕೊಳ್ಳುವಿಕೆ ಇಲ್ಲ.

ರೇವಪ್ಪ ರುಮಾಲನ್ನು ಚೀಲದಲ್ಲಿಟ್ಟುಕೊಂಡು ತಿಕೋಟಾದಲ್ಲಿ ಬಸ್ಸಿಳಿದ. ಇಳಿದದ್ದೇ ತಡ, ಚಹಾದ ಅಂಗಡಿಯ ಬಾಕಿನ ಮೇಲೆ ಕುಳಿತಿದ್ದವರು ಎದ್ದು ನಿಂತರು.

"ಯಾರ ಹ್ವಾದ್ರಪಾ ರೇವಪ್ಪ?"

"ಯಾರೂ ಹೋಗಿಲ್ಲೋ. ತಲಿಗೆ ಔಷಧ..."

"ಹೂಂ, ಹೂಂ. ದುಃಖದಾಗ ತಲಿ ಹಂಗ ಆಗತೈತಿ. ನಡಿ, ಮನೀತನಾ ಬರತೇವಿ."

ನಾಲ್ಕು ಜನ ಮನೆಯ ತನಕ ಬಂದರು. ಮಲಕವ್ವ ಬಾಗಿಲು ತೆರೆದು, ಗಂಡನ ಬರಿದಲೆಯನ್ನೂ ಹಿಂದಿನ ನಾಲ್ಕು ಸಪ್ಪೆ ಮುಖಗಳನ್ನೂ ನೋಡಿ, ಯಾರೆಂದು ಕೇಳದೆಯೇ ಬಾಯಿ ಬಡಿದುಕೊಳ್ಳಲು ಶುರುಮಾಡಿದಳು. ಓಣಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಮುಂದಿನ ಸಂತೆಯ ದಿನ ರೇವಪ್ಪ ಕಲ್ಲಿನ ಕಡೆ ಹೋದಾಗ ಅಲ್ಲಿ ಕರೆಪ್ಪ ಕುಳಿತಿದ್ದ. ಕರೆಪ್ಪನ ಮುಖದಲ್ಲಿ ಅಣ್ಣತಮ್ಮಂದಿರಿಗೂ ಇರದ ಕನಿಕರ ಇತ್ತು.

"ನೀ ಯಾಕ ಬಂದ್ಯೋ ಇಂಥಾ ಹೊತ್ತಿನ್ಯಾಗ? ಮನಿಗೆ ಹೋಗು. ವ್ಯಾಪಾರ ನಾ ನೋಡ್ಕೋತೇನಿ."

"ಲೇ ಕರೆಪ್ಪ, ನಮ್ಮನ್ಯಾಗ ಯಾರೂ ಸತ್ತಿಲ್ಲಲೇ!"

"ಒಪ್ಪಕೊಳ್ಳಾಕ ವ್ಯಾಳೆ ಹಿಡಿತೈತೆಪಾ," ಎಂದ ಕರೆಪ್ಪ ಸುತ್ತಲಿನವರಿಗೆ. "ಯಾರೂ ಅವನ್ನ ಮಾತಾಡಸಬ್ಯಾಡ್ರಿ."

ಅಂದು ಒಬ್ಬನೂ ರೇವಪ್ಪನ ಕೈಗೆ ಕೈ ಕೊಡಲಿಲ್ಲ. ಸೂತಕದ ಕೈ ಹಿಡಿದು ಕೊಂಡ ಎತ್ತು ಹೊಲದಲ್ಲಿ ನಿಂತೀತೇ? ರುಮಾಲು ಸುತ್ತಿದರೆ ತುರಿಕೆ, ತುರಿಕೆಗೆ ಬೆರಳು ತಪ್ಪುತ್ತದೆ, ಕಲ್ಲು ಹೋಗುತ್ತದೆ. ಸುತ್ತದಿದ್ದರೆ ಸೂತಕ, ಆಗಲೂ ಕಲ್ಲು ಹೋಗುತ್ತದೆ. ಇಂಥ ಬಿಗಿಯಲ್ಲಿ ರೇವಪ್ಪ ಎಷ್ಟೋ ರೈತರನ್ನು ಸಿಕ್ಕಿಸಿದ್ದ. ತಾನು ಸಿಕ್ಕಿದ್ದು ಇದೇ ಮೊದಲು.

ಸಂತೆಯಿಂದ ಊರಿಗೆ ಮರಳಿದವರ ಜೊತೆ ಸುದ್ದಿಯೂ ಹೋಯಿತು. ಬಬಲೇಶ್ವರದಲ್ಲಿ ರೇವಪ್ಪನ ಅಕ್ಕ ಸಕ್ರವ್ವ ಇದ್ದಳು. ತಮ್ಮ ಬರಿದಲೆಯಲ್ಲಿದ್ದಾನೆಂದರೆ ಕಾಖಂಡಕಿಯಲ್ಲಿ ಅವ್ವ ಹೋಗಿರಬೇಕು, ಮಣ್ಣೂ ಮುಗಿದಿರಬೇಕು, ಮಗಳಾದ ತನಗೇ ಹೇಳಿಲ್ಲ ಎಂದು ಅವಳು ಲೆಕ್ಕ ಹಾಕಿ, ತಮ್ಮನನ್ನೇ ಕೇಳಲು ತಿಕೋಟಾಕ್ಕೆ ಹೊರಟಳು. ಕಾಖಂಡಕಿಯಲ್ಲಿ ಅವ್ವ ಪರಸವ್ವ ಕಲ್ಲಿನಂತೆ ಗಟ್ಟಿಯಾಗಿದ್ದಳು. ತಿಕೋಟಾದ ಮಗನ ಮನೆಯಲ್ಲಿ ಸಾವಾಗಿದೆಯೆಂದು ಕೇಳಿ, ಹೋದವಳು ಸೊಸೆ ಮಲಕವ್ವನೇ ಎಂದು ಅವಳೂ ಲೆಕ್ಕ ಹಾಕಿ, ರೊಟ್ಟಿ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದಳು.

ಬಸ್ಸಿನಲ್ಲಿ ನಡೆದದ್ದನ್ನು ರೇವಪ್ಪ ಆಮೇಲೆ ಕಂಡಕ್ಟರನ ಬಾಯಿಂದಲೇ ಕೇಳಿದ. ಬಬಲೇಶ್ವರದಲ್ಲಿ ಸಕ್ರವ್ವ ಗಂಡ ಶಂಕರೆಪ್ಪನ ಜೊತೆ ಹತ್ತಿದಳಂತೆ. ಶಂಕರೆಪ್ಪ ಬೀಗತನಕ್ಕೆ ಲೋಪ ಬರಬಾರದೆಂದು ಹೊಸ ರುಮಾಲೊಂದನ್ನು ಕಂಕುಳಲ್ಲಿ ಹಿಡಿದಿದ್ದ. ಸಕ್ರವ್ವ ಮೊದಲ ಸೀಟಿನಲ್ಲಿ ಕುಳಿತು ಹಾಡಿಕೊಂಡು ಅಳತೊಡಗಿದಳು: "ಯವ್ವಾ, ನನ್ನ ಬಿಟ್ಟ ಹ್ವಾದೇನ ಬೇ! ಬಂಗಾರದ ಬೋರಮಾಳ ಸರಾ ನಿನಗ ಅಂತ ಬಾಯಿಬಿಟ್ಟ ಹೇಳಿದ್ದೆಲ್ಲ ಬೇ! ಈಗ ಸ್ವಸ್ತ್ಯಾರ ಪಾಲಾತಲ್ಲ ಬೇ!"

ಹಿಂದಿನ ಸೀಟಿನಿಂದ ಒಂದು ಧ್ವನಿ ಬಂತು. "ಯಾವಾಗ ಹೇಳಿದ್ನೇ ನಾ ಹಂಗ?"

ಸಕ್ರವ್ವ ತಿರುಗಿ ನೋಡಿ ಚೀರಿದ ರಭಸಕ್ಕೆ ಡ್ರೈವರನು ಬಸ್ಸು ನಿಲ್ಲಿಸಿದನಂತೆ.

ವಿಜಾಪುರದಲ್ಲಿ ಬಸ್ಸು ಬದಲಿಸಿ ಮೂವರೂ ತಿಕೋಟಾಕ್ಕೆ ಬಂದಾಗ ಅಂಗಳದಲ್ಲಿ ಮಲಕವ್ವ ಬಟ್ಟೆ ಒಗೆಯುತ್ತಿದ್ದಳು. ಪರಸವ್ವ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. "ನೀ ಇನ್ನೂ ಅದೀಯಲ್ಲ!"

"ನೀವೂ ಅದೀರಲ್ರೀ ಅತ್ತಿ!" ಎಂದಳು ಮಲಕವ್ವ. ಇಬ್ಬರ ದನಿಯಲ್ಲೂ ಸಂತೋಷದ ಜೊತೆ ಇನ್ನೇನೋ ಕಲಬೆರಕೆ ಇದ್ದುದನ್ನು ರೇವಪ್ಪ ಗಮನಿಸದಂತೆ ಇದ್ದ.

ಕಥೆಯೆಲ್ಲ ಹೊರಬಿತ್ತು. ಶಂಕರೆಪ್ಪನಿಗೆ ಮಾತ್ರ ರುಮಾಲಿನ ಚಿಂತೆ. "ತಂದದ್ದು ತಂದೇವಿ, ಸುತ್ತಿಬಿಡೂಣೇನು?"

"ಯಾರ ಸತ್ತದ್ದಕ್ಕ ಸುತ್ತತೀಯೋ ಅಳಿಯಾ?" ಎಂದಳು ಪರಸವ್ವ. "ನನ್ನ ಹೆಸರಿಲೆ ತಂದದ್ದು ಹೌದಿಲ್ಲೋ? ತಾ ಇಲ್ಲೆ, ಅರಿವಿ ನೋಡೂಣು." ತನ್ನ ಸಾವಿನ ರುಮಾಲನ್ನು ಬೆರಳಲ್ಲಿ ತಿಕ್ಕಿ ನೋಡಿ, "ಜಾಳ ಐತಿ. ಇಷ್ಟ ಏನು ನನ್ನ ಕಿಮ್ಮತ್ತು?" ಎಂದಳು.

ಆಮೇಲೆ ಮಗನನ್ನು ಹತ್ತಿರ ಕೂಡಿಸಿಕೊಂಡು ನೆತ್ತಿ ನೋಡಿದಳು. ಮುಲಾಮಿನ ವಾಸನೆಗೆ ಮೂಗು ಮುರಿದರೂ ಡಾಕ್ಟರು ಹೇಳಿದ್ದಕ್ಕೆ ಅಡ್ಡ ಬರಲಿಲ್ಲ. "ಕುರಿ ಮೈಗೂ ಗಾಳಿ ಬೇಕು, ಇದು ಮನಷ್ಯಾಂದು. ಮುಂದಿನ ಸಂತಿಗೆ ನಾ ಬರತೇನಿ. ನಿನ್ನ ಬಾಜೂಕ ಕುಂದರತೇನಿ. ಯಾರ ಸತ್ತಾರಂತ ಕೇಳಿದವ್ರಿಗೆ ನನ್ನ ತೋರಸು."

ರೇವಪ್ಪನಿಗೆ ಇದು ಹಿಡಿಸಿತು. ಸಾವಿನ ಸುದ್ದಿ ಅಳಿಸಲು ಸತ್ತವಳಿಗಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಕ್ಕೀತು! ಕಲ್ಲು ಕರೆಪ್ಪನದಾಗಿದ್ದರಿಂದ, ಸಂತೆಯ ದಿನ ಅದರಿಂದ ಹತ್ತು ಮಾರು ದೂರ ಒಂದು ಗೋಣಿತಟ್ಟು ಹಾಸಿ ಅವ್ವನನ್ನು ಕೂಡಿಸಿದ. ಜನ ಬಂದರು, ನೋಡಿದರು, ನಕ್ಕರು, ಕಾಲಿಗೆ ಬಿದ್ದರು. ಸೂತಕ ಅಲ್ಲಿಗೆ ಕಳೆಯಿತು. ಮೊದಲ ಜೋಡಿಯೂ ಮುಂದೆ ಬಂದು ನಿಂತಿತು. ರೇವಪ್ಪ ಹೆಗಲ ವಸ್ತ್ರ ಹಾಸಿ, ಕೊಳ್ಳುವವನ ಕೈ ಹಿಡಿದು, "ಕೋಡ ನೋಡ್ರಿ, ಎಂಥಾ..." ಎಂದು ಶುರುಮಾಡಿದ.

"ಕೋಡೇನ ನೋಡತಿಯೋ ತಮ್ಮಾ," ಎಂದಳು ಗೋಣಿಯ ಮೇಲಿನ ಪರಸವ್ವ ಕೊಳ್ಳುವವನಿಗೆ. "ಎಡಗಡೆದರ ಹಿಂಗಾಲ ನೋಡು. ನೊಗಾ ಹೇರಿದ್ರ ಮಕ್ಕೋತೈತಿ ಅದು. ವಯಸ್ಸಿನಾಗೂ ನನಗಿಂತ ಎರಡ ದಿನ ಸಣ್ಣದು, ಅಷ್ಟ."

ಕೊಳ್ಳುವವನು ವಸ್ತ್ರದ ಕೆಳಗಿನಿಂದ ಕೈ ಎಳೆದುಕೊಂಡ. ಮಾರಲು ಬಂದವನು ಜೋಡಿ ಹೊಡೆದುಕೊಂಡು ಬೈಯುತ್ತಾ ಹೋದ. "ಯವ್ವಾ, ನೀ ಜೀವಂತ ಅದೀಯಂತ ತೋರಸಾಕ ಕರಕೊಂಡ ಬಂದೇನಿ. ಮಾತಾಡಾಕಲ್ಲ!"

"ಜೀವಂತ ಇದ್ದಾಕಿ ಮಾತಾಡಂಗಿಲ್ಲೇನೋ?"

ಅಂದು ಮೂರು ವ್ಯಾಪಾರ ಮುರಿದವು. ರೇವಪ್ಪ ಬೇವಿನ ಗಿಡದ ಕಡೆ ನೋಡಲಾರದೆ ಕುಳಿತ. ಆದರೆ ವ್ಯಾಪಾರದ ದಾರಿಯೇ ಬೇರೆ. ಒಂದು ಮಾತು ಮುಚ್ಚಿಟ್ಟರೆ ಒಬ್ಬ ಗಿರಾಕಿ, ಒಂದು ಮಾತು ಬಿಚ್ಚಿಟ್ಟರೆ ಹತ್ತು ಹಳ್ಳಿ. ಮರು ಸಂತೆಗೆ ಗೋಣಿತಟ್ಟಿನ ಮುಂದೆ ಕೊಳ್ಳುವವರು ಸಾಲುಗಟ್ಟಿದ್ದರು. ಮುದುಕಿ ಹೂಂ ಅಂದರೆ ಕೈ ವಸ್ತ್ರದ ಕೆಳಗೆ ಹೋಗುತ್ತಿತ್ತು, ಊಹೂಂ ಅಂದರೆ ಎತ್ತು ತಿರುಗಿ ಹೋಗುತ್ತಿತ್ತು. ತಮ್ಮ ಎತ್ತಿನ ಮೇಲೆ ಭರವಸೆ ಇದ್ದ, ಮಾರಲು ಬಂದ ರೈತರೂ ಅಲ್ಲಿಗೇ ಬರತೊಡಗಿದರು. ಕರೆಪ್ಪ ಕಲ್ಲಿನ ಮೇಲೆ ಒಬ್ಬನೇ ಕುಳಿತು ಬೀಡಿ ಸೇದಿದ. ಮೂರನೆಯ ಸಂತೆಗೆ, ಒಂಟಿಯಾಗಿ ಕಲ್ಲು ಕಾಯುವುದು ಬೇಸರವೆಂದು ತಾನಾಗಿಯೇ ಎದ್ದ.

ಅಷ್ಟರಲ್ಲಿ ಡಾಕ್ಟರು ಹೇಳಿದ ಮೂರು ವಾರವೂ ಮುಗಿದಿತ್ತು. ನೆತ್ತಿ ಮೆತ್ತಗಾಗಿತ್ತು, ತುರಿಕೆ ನಿಂತಿತ್ತು. ರೇವಪ್ಪ ಗುಲಾಬಿ ರುಮಾಲನ್ನು ಒಣಗಿದ ತಲೆಗೆ ಸಡಿಲವಾಗಿ ಸುತ್ತಿಕೊಂಡ. ಕಲ್ಲು ಖಾಲಿ ಇತ್ತು, ತಲೆ ಹಗುರಾಗಿತ್ತು. ಇನ್ನು ಅವ್ವನ ಸಾಕ್ಷಿ ಯಾಕೆ? "ಯವ್ವಾ, ಅಣ್ಣಾ ದಾರಿ ನೋಡತಿರಬೇಕು," ಎಂದು ಬಹಳ ಪ್ರೀತಿಯಿಂದ ಸಂತೆಯ ಮುಂಜಾನೆಯ ಬಸ್ಸಿಗೇ ಅವಳನ್ನು ಹತ್ತಿಸಿದ. ಬಂದು ಕಲ್ಲಿನ ಮೇಲೆ ಕುಳಿತ.

ಮೊದಲ ಜೋಡಿ ಬಂತು, ಕೊಳ್ಳುವವನೂ ಬಂದ. ಅತ್ತಿತ್ತ ನೋಡಿ ಕೇಳಿದ: "ಮುದುಕಿ ಎಲ್ಲಿ?"

"ಊರಿಗೆ ಹೋಗ್ಯಾಳ್ರಿ. ನಾ ಅದೇನಲ್ರಿ. ಕೈ ತರ್ರಿ."

ಆ ಮನುಷ್ಯ ಕೈಯನ್ನು ಬಗಲಲ್ಲಿ ಕಟ್ಟಿಕೊಂಡ. ಹಿಂದೆ ಇನ್ನೂ ನಾಲ್ಕು ಜನ ಹಾಗೆಯೇ ಕಟ್ಟಿಕೊಂಡರು. ರೇವಪ್ಪ ಬೆವರಿದ. ಕಲ್ಲು ಉಳಿಸಿಕೊಳ್ಳಲು ಅವನು ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದ. ಯಾರೂ ಕೇಳದಿದ್ದರೂ ಬಾಯಿ ಬಿಟ್ಟ: "ಬಲಗಡೆದ್ದು ಆರೋಗ್ಯ ಐತ್ರಿ. ಎಡಗಡೆದಕ್ಕ ಕಣ್ಣಿನ್ಯಾಗ ಹೂವ ಬಿದ್ದೈತಿ, ಸಂಜಿಕೆ ಕಾಣಂಗಿಲ್ಲ."

ಮಾರುವವನು ಹಲ್ಲು ಕಡಿದ. ಕೊಳ್ಳುವವನು ರುಮಾಲನ್ನೂ ರೇವಪ್ಪನ ಮುಖವನ್ನೂ ಸಂಶಯದಿಂದ ನೋಡಿದ.

"ನೀವು ಹಿಂಗ ಹೇಳಾಕತ್ತೀರಂದ್ರ ಇದರಾಗೂ ಏನೋ ಹಿಕಮತ್ತು ಐತಿ. ಅವ್ವಾರು ಬರ್ಲಿ, ನೋಡೂಣು."

ರೇವಪ್ಪ ಮಧ್ಯಾಹ್ನದ ಬಸ್ಸಿಗೇ ಕಾಖಂಡಕಿಗೆ ಹೊರಟ. ಪರಸವ್ವ ದನ ಕಟ್ಟುವ ಜಾಗದಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಅವನು ಹೇಳುವುದನ್ನೆಲ್ಲ ಕೊನೆಯ ತನಕ ಕೇಳಿದಳು. ಮೊರ ಕೆಳಗಿಡಲಿಲ್ಲ.

"ಬರತೇನಿ," ಎಂದಳು. "ಆದ್ರ ಗೋಣಿ ಮ್ಯಾಲ ಕುಂತ ಕುಂತ ಸ್ವಂಟ ಹಿಡದೈತಿ. ಆ ಬೇವಿನ ಗಿಡದ ಕಲ್ಲಿನ ಮ್ಯಾಲ ನಾ ಕುಂದರಾಕಿ."

"ಮತ್ತ ನಾ?"

"ನೀ ಬಾಜೂಕ ನಿಂದ್ರು."

ರೇವಪ್ಪ ಸ್ವಲ್ಪ ಹೊತ್ತು ಕುದುರಿಸಿ ನೋಡಿದ. ವಸ್ತ್ರ ಹಾಸದೆ, ಬಾಯಿಂದ. ಪರಸವ್ವ ಒಂದು ಬೆರಳೂ ಇಳಿಯಲಿಲ್ಲ. ಮುಂದಿನ ಸಂತೆಯ ದಿನ ದೂರದಿಂದ ಬಂದವರಿಗೆ ಗುಲಾಬಿ ರುಮಾಲು ಎಂದಿಗಿಂತ ಎತ್ತರದಲ್ಲಿ ಕಂಡಿತು. ಅದರ ಕೆಳಗಿನವನು ನಿಂತಿದ್ದ.